ಯಾವ ಭಾಷೆಯ ಹಾಡು?

ಹಾಸ್ಟೆಲಿನಲ್ಲಿ ಇಂಗ್ಲಿಷ್ ಹಾಡು ಹಾಕಿದರೆ ನಾನು ಏನಾದರೂ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮಾಧ್ಯಮ. ಪದ ಹಿಡಿಯೋದ್ರೊಳಗೆ ಚರಣವೇ ಮುಗಿದಿರುತ್ತಿತ್ತು. ಒಂದು ರಾತ್ರಿ ಮದುರೆಯ ನನ್ನ ರೂಮ್‌ಮೇಟ್ ಹಾಕಿದ್ದನ್ನು ಕೇಳಿ ಧೈರ್ಯ ಮಾಡಿ, "ಏನು ಹೇಳ್ತಿದಾನೆ ಇವನು?" ಅಂದೆ. "ನಂಗೂ ಗೊತ್ತಿಲ್ಲ, ಅದು ಭಾಷೆಯೇ ಅಲ್ಲ" ಅಂದ. ಚೆನ್ನೈಗೆ ಬಂದ ಮೇಲೆ ಮೊದಲ ಸಲ ಇಬ್ಬರೂ ಸಮ ಸಮ ಆದೆವು.

ಅದು ಐಸ್‌ಲ್ಯಾಂಡಿನ ಸಿಗುರ್ ರೋಸ್ ತಂಡ 2002ರಲ್ಲಿ ಹೊರತಂದ ಆಲ್ಬಮ್. ಹೆಸರಿನ ಜಾಗದಲ್ಲಿ ಎರಡು ಖಾಲಿ ಕಂಸ. ಎಂಟು ಹಾಡು, ಒಂದಕ್ಕೂ ಹೆಸರಿಲ್ಲ. ಇಂಥದ್ದಕ್ಕೆ ಪೋಸ್ಟ್-ರಾಕ್ ಅಂತಾರೆ. ವಿಮರ್ಶಕ ಸೈಮನ್ ರೆನಾಲ್ಡ್ಸ್ 1994ರಲ್ಲಿ ಬಳಕೆಗೆ ತಂದ ಮಾತು. ಗಿಟಾರು, ಡ್ರಮ್ಮು ರಾಕ್‌ನವೇ, ಆದರೆ ಪಲ್ಲವಿ-ಚರಣದ ಕಟ್ಟಿಲ್ಲ. ನಾದವೇ ನಿಧಾನಕ್ಕೆ ಬೆಳೆಯುತ್ತದೆ. ಈ ಬಗೆಯ ಹಲವು ತಂಡಗಳು ಹಾಡುಗಾರನನ್ನೇ ಕೈಬಿಟ್ಟವು. ಇವರು ಅವನನ್ನು ಉಳಿಸಿಕೊಂಡು ಅರ್ಥವನ್ನು ಬಿಟ್ಟರು.

ಹಾಡುವ ಯೋನ್ಸಿ ಚೆಲ್ಲೋ ವಾದ್ಯದ ಕಮಾನಿನಿಂದ ಗಿಟಾರ್ ತಂತಿ ಉಜ್ಜುತ್ತಾನೆ. ನಾದ ಪಿಟೀಲಿನಂತೆ ಎಳೆ ಎಳೆಯಾಗಿ ನಿಲ್ಲುತ್ತದೆ. ಅದರ ಮೇಲೆ ಹೆಂಗಸಿನದೋ ಗಂಡಸಿನದೋ ತಿಳಿಯದಷ್ಟು ಎತ್ತರದ ದನಿ. ಯಾವುದು ತಂತಿ, ಯಾವುದು ಗಂಟಲು ಅಂತ ಎಷ್ಟೋ ಕಡೆ ಗೊತ್ತಾಗೋದಿಲ್ಲ.

ನಮಗೇನೂ ಇದು ಹೊಸದಲ್ಲ ಬಿಡಿ. ಡಿಸೆಂಬರಿನಲ್ಲಿ ಮೈಲಾಪುರದ ಒಂದು ಸಭೆಗೆ ಹೋಗಿದ್ದೆ (ಕ್ಯಾಂಟೀನಿನ ಆಸೆಗೆ ಅಂತಲೇ ಇಟ್ಟುಕೊಳ್ಳಿ). ಆಲಾಪನೆಯಲ್ಲಿ ಬರೀ ಆಕಾರ, ಒಂದಿಷ್ಟು ತ-ದ-ರಿ-ನ. ಗಾಯಕರ ಉಸಿರು ಎಲ್ಲಿ ಮುಗಿಯುತ್ತದೆ ಅನ್ನೋದೂ ಕೇಳುತ್ತಿತ್ತು. ಕೊನೆಗೆ ದೇವರನಾಮ ಬಂತು. ಅವರು ಒಂದು ಕನ್ನಡ ಪದವನ್ನು ತಪ್ಪಾಗಿ ಉಚ್ಚರಿಸಿದರು ನೋಡಿ, ಅಲ್ಲಿಂದಾಚೆ ನಾನು ಪದಗಳನ್ನೇ ಕಾಯುತ್ತಾ ಕೂತೆ. ದನಿ ಕೈತಪ್ಪಿತು.

ಹಾಗಂತ ಅರ್ಥವಿಲ್ಲದ ಕಂಠ ಬರೀ ವಾದ್ಯವೂ ಅಲ್ಲ. ಪಿಟೀಲು ಕೇಳುವಾಗ "ಏನಂತು?" ಅಂತ ಯಾರೂ ಕೇಳೋಲ್ಲ. ಮನುಷ್ಯನ ದನಿ ಅಂದಕೂಡಲೇ ನಮಗೇನೋ ಹೇಳುತ್ತಿದೆ ಎಂದು ಕಿವಿ ಕಾಯುತ್ತದೆ. ಈ ಆಲ್ಬಮ್ ಎಪ್ಪತ್ತು ನಿಮಿಷಕ್ಕೂ ಮಿಕ್ಕಿ ನಮ್ಮನ್ನು ಹಾಗೆ ಕಾಯಿಸುತ್ತದೆ. ನಾಲ್ಕು ಹಾಡಾದ ಮೇಲೆ 36 ಸೆಕೆಂಡ್ ಮೌನ. ಆಮೇಲಿನ ನಾಲ್ಕು ಇನ್ನೂ ಭಾರ. ಎಂಟನೆಯದರಲ್ಲಿ ಡ್ರಮ್ಮು ಏರುತ್ತಾ ಏರುತ್ತಾ ಆ ದನಿಯನ್ನೇ ನುಂಗಿಬಿಡುತ್ತದೆ. ಇಷ್ಟು ಹೊತ್ತು ಜೊತೆಗಿದ್ದವನು ಹೋದನಲ್ಲಾ ಅನಿಸುತ್ತದೆ. ಅವನು ಒಂದು ಮಾತೂ ಆಡಿರಲಿಲ್ಲ.

ಡಿಸ್ಕಿನ ಜೊತೆ ಬರುವ ಪುಸ್ತಿಕೆಯ ಹಾಳೆಗಳೂ ಖಾಲಿಯಂತೆ, ಕೇಳುಗರು ತಮಗೆ ಕೇಳಿಸಿದ್ದನ್ನು ಬರೆದುಕೊಳ್ಳಲಿ ಅಂತ. ನಮ್ಮ ಹತ್ತಿರ ಇದ್ದದ್ದು ಫೋನು ಮಾತ್ರ. ಅಕೌಂಟೆನ್ಸಿ ನೋಟ್‌ಬುಕ್ಕಿನ ಕಡೇ ಹಾಳೆ ಹರಿದು ಇಬ್ಬರೂ ಬರೆದೆವು. ಅವನದು ತಮಿಳು. ನನ್ನದರಲ್ಲಿ "ಊರು" ಅಂತ ಐದು ಸಲ ಇತ್ತು.