ಫೋನ್ ರೂಟ್ ಮಾಡಿದರೆ ಜೈಲಾ? ಹೊರಗಡೆ ಬಿಚ್ಚಿಸಿದರೆ ವಾರಂಟಿ ಪೂರ್ತಿ ಹೋಯ್ತಾ?

ಮೊಬೈಲ್ ರಿಪೇರಿ ವಿಷಯ ಬಂದಾಗಲೆಲ್ಲ ವಾಟ್ಸಾಪ್ ಗುಂಪುಗಳಲ್ಲಿ ಮೂರು ಮಾತು ಕೇಳಿಬರುತ್ತವೆ.

"ಕಂಪನಿ ಸರ್ವಿಸ್ ಸೆಂಟರ್ ಬಿಟ್ಟು ಬೇರೆ ಕಡೆ ಬಿಚ್ಚಿಸಿದರೆ ವಾರಂಟಿ ಪೂರ್ತಿ ರದ್ದು."

"ಫೋನ್ ರೂಟ್ ಮಾಡುವುದು, ಜೈಲ್‌ಬ್ರೇಕ್ ಮಾಡುವುದು ಕಾನೂನಿನ ಪ್ರಕಾರ ಅಪರಾಧ."

"ದುಡ್ಡು ಕೊಟ್ಟು ತಗೊಂಡಿದ್ದೀನಿ, ಏನು ಬೇಕಾದರೂ ಮಾಡ್ತೀನಿ, ಕೇಳೋಕೆ ಅವರು ಯಾರು?"

ಮೂರೂ ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಎಂದುಕೊಳ್ಳುವುದರಿಂದ ಈ ಗೊಂದಲ ಹುಟ್ಟುತ್ತದೆ. ನಾನು ಮಾಡುತ್ತಿರುವುದು ಅಪರಾಧವೇ? ಇದು ಮೊದಲ ಪ್ರಶ್ನೆ. ಇದರಿಂದ ವಾರಂಟಿ ಹೋಗುತ್ತದೆಯೇ? ಇದು ಎರಡನೆಯದು. ಬದಲಾಯಿಸಿದ ಮೇಲೆ ಫೋನ್ ಮೊದಲಿನಂತೆ ಕೆಲಸ ಮಾಡುತ್ತದೆಯೇ? ಇದು ಮೂರನೆಯದು. ಮೊದಲನೆಯದಕ್ಕೆ ಉತ್ತರ ಕಾನೂನಿನಲ್ಲಿದೆ. ಎರಡನೆಯದು ನಿಮ್ಮ ಮತ್ತು ಕಂಪನಿಯ ನಡುವಿನ ಕರಾರಿನ ವಿಷಯ. ಮೂರನೆಯದು ತಂತ್ರಜ್ಞಾನದ್ದು.

ಈ ಮೂರನ್ನೂ ಬೇರೆ ಮಾಡಿ ನೋಡದಿದ್ದರೆ ನಷ್ಟ ನಮಗೇ. ಒಂದು ತಿಂಗಳ ಸಂಬಳ ಕೊಟ್ಟು ಕೊಂಡ ಫೋನಿಗೆ ಸಿಗಬೇಕಾದ ಉಚಿತ ರಿಪೇರಿಯನ್ನು "ಹೊರಗಡೆ ಬಿಚ್ಚಿದ್ದೀರಿ" ಎಂಬ ಒಂದೇ ಮಾತಿಗೆ ಹೆದರಿ ಬಿಟ್ಟುಬಿಡುತ್ತೇವೆ. ಇಲ್ಲವೇ ಗೊತ್ತಿಲ್ಲದೆ ನಿಜವಾಗಿಯೂ ಶಿಕ್ಷೆಯಾಗುವ ಕೆಲಸಕ್ಕೆ ಕೈ ಹಾಕುತ್ತೇವೆ.

ಸ್ವಂತ ಫೋನ್ ಬಿಚ್ಚುವುದು, ರೂಟ್ ಮಾಡುವುದು ಅಪರಾಧವೇ?

ಅಲ್ಲ. ನಿಮ್ಮ ಫೋನನ್ನು ನೀವೇ ಬಿಚ್ಚಿದರೆ, ಎಸ್.ಪಿ. ರೋಡಿನ ಅಂಗಡಿಯಲ್ಲೋ ನಿಮ್ಮೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲೋ ಬ್ಯಾಟರಿ ಹಾಕಿಸಿದರೆ ಅದನ್ನು ಅಪರಾಧ ಎನ್ನುವ ಕಾನೂನು ಭಾರತದಲ್ಲಿಲ್ಲ.

ರೂಟ್ ಮಾಡುವುದೆಂದರೆ ಆಂಡ್ರಾಯ್ಡ್ ಫೋನಿನ ಒಳಗಿನ ಪೂರ್ತಿ ನಿಯಂತ್ರಣವನ್ನು ಬಳಕೆದಾರರೇ ಪಡೆದುಕೊಳ್ಳುವುದು. ಐಫೋನಿನಲ್ಲಿ ಇಂಥದ್ದೇ ಕೆಲಸಕ್ಕೆ ಜೈಲ್‌ಬ್ರೇಕ್ ಎನ್ನುತ್ತಾರೆ. ಅಲ್ಲಿ 'ಜೈಲು' ಎಂದರೆ ಕಂಪನಿ ಹಾಕಿರುವ ಬೇಲಿ, ಪೊಲೀಸರ ಜೈಲಲ್ಲ. ಕೆಲವು ಆಂಡ್ರಾಯ್ಡ್ ಕಂಪನಿಗಳು ಬೂಟ್‌ಲೋಡರ್ ಅನ್‌ಲಾಕ್ ಮಾಡಲು ತಾವೇ ಅಧಿಕೃತ ದಾರಿ ಕೊಟ್ಟಿವೆ. ಅಪರಾಧವಾಗಿದ್ದರೆ ಕೊಡುತ್ತಿದ್ದವೇ?

ಈ ವಿಷಯದಲ್ಲಿ ಹೆಚ್ಚು ಚರ್ಚೆಯಾಗುವುದು ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ. ಸಿನಿಮಾ, ಹಾಡು, ಸಾಫ್ಟ್‌ವೇರ್‌ಗಳಿಗೆ ಹಾಕಿರುವ ಡಿಜಿಟಲ್ ಬೀಗ ಮುರಿದರೆ 2 ವರ್ಷದವರೆಗೆ ಜೈಲು ಮತ್ತು ದಂಡ ಎಂದು ಅದು ಹೇಳುತ್ತದೆ. ಆದರೆ ಅದರಲ್ಲೇ ಒಂದು ಮುಖ್ಯ ಷರತ್ತಿದೆ: ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದಿರಬೇಕು. ಹಳೆಯ ಫೋನಿಗೆ ಹೊಸ ಆಂಡ್ರಾಯ್ಡ್ ಹಾಕಿಕೊಳ್ಳಲು, ಬೇಡದ ಆಪ್ ತೆಗೆದುಹಾಕಲು ರೂಟ್ ಮಾಡುವುದಕ್ಕೂ ಸಿನಿಮಾ ಕದ್ದು ಹಂಚಲು ಬೀಗ ಒಡೆಯುವುದಕ್ಕೂ ಕಾನೂನಿನ ಕಣ್ಣಿನಲ್ಲಿ ವ್ಯತ್ಯಾಸವಿದೆ.

ಹಾಗಾದರೆ 'ಅಪರಾಧ' ಎಂಬ ಮಾತು ಬಂದದ್ದೆಲ್ಲಿಂದ?

ಅದಕ್ಕೆ ಅಮೆರಿಕದಲ್ಲಿ ಒಂದು ಹಿನ್ನೆಲೆ ಇದೆ. ಅಲ್ಲಿನ 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆ ನಮ್ಮದಕ್ಕಿಂತ ಬಿಗಿ. ಡಿಜಿಟಲ್ ಬೀಗ ಮುರಿಯುವುದನ್ನೇ ಅದು ನಿಷೇಧಿಸುತ್ತದೆ. ಯಾವುದಕ್ಕೆ ವಿನಾಯಿತಿ ಎಂಬುದನ್ನು ಮೂರು ವರ್ಷಕ್ಕೊಮ್ಮೆ ತೀರ್ಮಾನಿಸುತ್ತಾರೆ. ಫೋನ್ ಜೈಲ್‌ಬ್ರೇಕ್‌ಗೆ 2010ರಲ್ಲೇ ವಿನಾಯಿತಿ ಸಿಕ್ಕಿತು. ಒಂದು ಮೊಬೈಲ್ ಕಂಪನಿಯ ನೆಟ್‌ವರ್ಕ್‌ಗೆ ಲಾಕ್ ಆದ ಹೊಸ ಫೋನನ್ನು ಆ ಕಂಪನಿಯ ಒಪ್ಪಿಗೆಯಿಲ್ಲದೆ ಅನ್‌ಲಾಕ್ ಮಾಡುವುದಕ್ಕಿದ್ದ ವಿನಾಯಿತಿ ಮಾತ್ರ 2013ರ ಜನವರಿಯಲ್ಲಿ ತಪ್ಪಿಹೋಯಿತು. ಜನ ದೊಡ್ಡ ಗಲಾಟೆ ಮಾಡಿದರು. 2014ರ ಆಗಸ್ಟ್‌ನಲ್ಲಿ ಅಮೆರಿಕದ ಸಂಸತ್ತು ಹೊಸ ಕಾನೂನು ತಂದು ಆ ಅವಕಾಶವನ್ನು ಮರಳಿಸಿತು. ಆಗಿನ ಸುದ್ದಿ, ವಿಡಿಯೊಗಳು ಈಗಲೂ ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಅವು ಬೇರೆ ದೇಶದ ಕಾನೂನು, ಅದರಲ್ಲೂ ಹಳೆಯ ಮಾತು.

ಹೊರಗಡೆ ಬಿಚ್ಚಿಸಿದರೆ ವಾರಂಟಿ ಹೋಗುತ್ತದೆಯೇ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ವಾರಂಟಿ ಎಂದರೆ ಕಂಪನಿ ಕೊಟ್ಟ ಮಾತು, ಅದಕ್ಕೆ ಷರತ್ತುಗಳಿರುತ್ತವೆ. 'ಅನಧಿಕೃತ ರಿಪೇರಿಯಾದರೆ ಅನ್ವಯಿಸದು' ಎಂಬ ಸಾಲು ಹೆಚ್ಚಿನ ವಾರಂಟಿ ಕಾರ್ಡ್‌ಗಳಲ್ಲಿದೆ. ಹಾಗೆ ಬರೆಯಬಾರದು ಎಂದು ಫೋನಿನ ವಿಷಯದಲ್ಲಿ ನೇರವಾಗಿ ಹೇಳುವ 'ರಿಪೇರಿ ಹಕ್ಕು' ಕಾನೂನು ಭಾರತದಲ್ಲಿ ಇನ್ನೂ ಬಂದಿಲ್ಲ. ಆದರೆ ಕಾರ್ಡಿನಲ್ಲಿ ಅಚ್ಚಾಗಿದ್ದೆಲ್ಲ ಕಾನೂನೂ ಅಲ್ಲ.

ಕಾರುಗಳ ವಿಷಯದಲ್ಲಿ ಈ ಜಗಳ ಆಗಲೇ ನಡೆದಿದೆ. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡುವುದಿಲ್ಲ, ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಇಲ್ಲ ಎನ್ನುತ್ತಿದ್ದ 14 ಕಾರು ಕಂಪನಿಗಳಿಗೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ದಂಡದ ಮೊತ್ತದ ಬಗ್ಗೆ ಕಂಪನಿಗಳು ಮೇಲ್ಮನವಿ ಹೋದವು, ಅದು ಬೇರೆ ಕತೆ. ನಮಗೆ ಬೇಕಾದದ್ದು ಆ ಆದೇಶದ ತರ್ಕ: ಹೊರಗಿನವರಿಂದ ರಿಪೇರಿ ಮಾಡಿಸಿದ ಮಾತ್ರಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಎನ್ನುವಂತಿಲ್ಲ. ಹೊರಗಿನವರ ಕೆಟ್ಟ ಕೆಲಸದಿಂದ ಏನಾದರೂ ಹಾಳಾಗಿದ್ದರೆ, ಅಷ್ಟರ ಮಟ್ಟಿಗೆ ಮಾತ್ರ ರದ್ದು ಮಾಡಬಹುದು.

ಇದು ಕಾರಿನ ಆದೇಶ, ಫೋನಿಗೆ ತಾನಾಗಿಯೇ ಅನ್ವಯಿಸುವುದಿಲ್ಲ. ಆದರೂ ನ್ಯಾಯ ಕೇಳುವಾಗ ಕೈಯಲ್ಲಿರಬೇಕಾದ ಒಳ್ಳೆಯ ವಾದ.

ಒಂದು ಉದಾಹರಣೆ ನೋಡಿ. ನೀವು ಹೊರಗಡೆ ಡಿಸ್‌ಪ್ಲೇ ಹಾಕಿಸಿದ್ದೀರಿ. ಎರಡು ತಿಂಗಳಾದ ಮೇಲೆ ಸ್ಪೀಕರ್ ಕೆಟ್ಟಿದೆ. ಡಿಸ್‌ಪ್ಲೇ ಹಾಕುವಾಗಲೇ ಸ್ಪೀಕರ್‌ಗೆ ಪೆಟ್ಟಾಗಿದೆ ಎಂದು ಸರ್ವಿಸ್ ಸೆಂಟರ್ ತೋರಿಸಿದರೆ ಅವರ ನಿರಾಕರಣೆಗೆ ಅರ್ಥವಿದೆ. ಏನೂ ಪರೀಕ್ಷಿಸದೆ, ಸ್ಟಿಕ್ಕರ್ ಹರಿದಿದೆ ಎಂದಷ್ಟೇ ಹೇಳಿ ಕಳಿಸಿದರೆ ಅದನ್ನು ಪ್ರಶ್ನಿಸಲು ನಿಮಗೆ ಕಾರಣವಿದೆ. ಅಮೆರಿಕದಲ್ಲಂತೂ 'ಈ ಸ್ಟಿಕ್ಕರ್ ತೆಗೆದರೆ ವಾರಂಟಿ ಇಲ್ಲ' ಎನ್ನುವುದು 1975ರ ವಾರಂಟಿ ಕಾನೂನಿಗೆ ವಿರುದ್ಧವಾಗಬಹುದು ಎಂದು ಅಲ್ಲಿನ ವ್ಯಾಪಾರ ಆಯೋಗ 2018ರಲ್ಲಿ ಆರು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆದಿತ್ತು.

ಸರ್ವಿಸ್ ಸೆಂಟರ್ ಇಲ್ಲ ಎಂದರೆ ಏನು ಮಾಡಬೇಕು?

ಜಗಳ ಬೇಡ, ಕಾಗದ ಕೇಳಿ.

1. "ಯಾವ ಕಾರಣಕ್ಕೆ ವಾರಂಟಿ ಇಲ್ಲ ಎನ್ನುವುದನ್ನು ಜಾಬ್ ಶೀಟ್‌ನಲ್ಲಿ ಬರೆದುಕೊಡಿ" ಎಂದು ಕೇಳಿ. ಬರೆದುಕೊಡದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಇಮೇಲ್ ಹಾಕಿ, ಉತ್ತರ ಉಳಿಸಿಕೊಳ್ಳಿ.

2. ಫೋನ್ ಕೊಂಡ ಬಿಲ್, ಹೊರಗಿನ ರಿಪೇರಿಯ ಬಿಲ್ ಎರಡೂ ಇರಲಿ. ಯಾವ ಭಾಗ ಬದಲಾಯಿಸಿದರು ಎಂಬುದು ಅದರಲ್ಲಿರಲಿ. ಬಿಲ್ ಕೊಡದ ಅಂಗಡಿಯಲ್ಲಿ ಉಳಿಯುವ ಇನ್ನೂರು ರೂಪಾಯಿ ಆಮೇಲೆ ದುಬಾರಿಯಾಗಬಹುದು.

3. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸಿ, ಮಾತುಕತೆಯಲ್ಲಿ ಬಗೆಹರಿಸಲು ನೋಡುತ್ತಾರೆ.

4. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ತೊಂದರೆಯಾದ ದಿನದಿಂದ 2 ವರ್ಷದೊಳಗೆ ದೂರು ಹೋಗಬೇಕು.

ಬದಲಾಯಿಸಿದ ಮೇಲೆ ಏನು ಕಳೆದುಕೊಳ್ಳಬಹುದು?

ಅಪರಾಧವಲ್ಲ ಎಂದ ಮಾತ್ರಕ್ಕೆ ನಷ್ಟವಿಲ್ಲ ಎಂದಲ್ಲ.

ಇದೇ 2019ರ ಕಾಯ್ದೆಯ 87ನೇ ಕಲಂ ಒಂದು ಮಾತು ಹೇಳುತ್ತದೆ. ವಸ್ತುವಿನಿಂದ ಹಾನಿಯಾದ ಹೊತ್ತಿಗೆ ಅದನ್ನು ತಪ್ಪಾಗಿ ಬಳಸಿದ್ದರೆ, ಬದಲಾಯಿಸಿದ್ದರೆ ಅಥವಾ ಮಾರ್ಪಡಿಸಿದ್ದರೆ, ಮಾರಿದವರ ಮೇಲೆ ಹಾನಿಯ ಹೊಣೆ ಹೊರಿಸಿ ದಾವೆ ಹೂಡುವಂತಿಲ್ಲ. ಅಂದರೆ ಅಗ್ಗದ ಕಾಪಿ ಬ್ಯಾಟರಿ ಹಾಕಿಸಿ, ಅದು ಉಬ್ಬಿ ಬೆಂಕಿ ಹತ್ತಿಕೊಂಡರೆ ಫೋನ್ ಮಾರಿದವರಿಂದ ಪರಿಹಾರ ಕೇಳುವ ದಾರಿ ಮುಚ್ಚಿಹೋಗಬಹುದು. ಲಿಥಿಯಂ ಬ್ಯಾಟರಿ ಚುಚ್ಚಿದರೆ, ಬಾಗಿದರೆ ಒಳಗೇ ಶಾರ್ಟ್ ಆಗಿ ಉರಿಯುತ್ತದೆ. ಹಾಗಾಗಿ ವಿಡಿಯೊ ನೋಡಿ ಚಾಕುವಿನಲ್ಲಿ ಬ್ಯಾಟರಿ ಎಬ್ಬಿಸುವ ಸಾಹಸ ಬೇಡ. ನೀರು ಒಳಹೋಗದಂತೆ ಹಾಕಿರುವ ಅಂಟೂ ಒಮ್ಮೆ ಬಿಚ್ಚಿದರೆ ಮೊದಲಿನಂತೆ ಕೂರುವುದು ಕಷ್ಟ.

ರೂಟ್ ಮಾಡಿದ ಫೋನಿನಲ್ಲಿ ಹಲವು ಬ್ಯಾಂಕ್ ಆಪ್‌ಗಳು, ಯುಪಿಐ ಆಪ್‌ಗಳು ತೆರೆಯುವುದೇ ಇಲ್ಲ. ಇದು ಶಿಕ್ಷೆಯಲ್ಲ, ಮುನ್ನೆಚ್ಚರಿಕೆ. ರೂಟ್ ಆದ ಫೋನಿನಲ್ಲಿ ಒಂದು ಆಪ್ ಇನ್ನೊಂದರ ಒಳಗೆ ಇಣುಕುವುದು ಸುಲಭ. ಬೂಟ್‌ಲೋಡರ್ ಅನ್‌ಲಾಕ್ ಮಾಡುವಾಗ ಸಾಮಾನ್ಯವಾಗಿ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಸ್ಯಾಮ್‌ಸಂಗ್‌ನ ನಾಕ್ಸ್ ಇರುವ ಫೋನುಗಳಲ್ಲಿ ಅನಧಿಕೃತ ಸಾಫ್ಟ್‌ವೇರ್ ಹಾಕಿದ ಗುರುತು ಚಿಪ್‌ನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಹಳೆಯ ಸಾಫ್ಟ್‌ವೇರ್ ಮತ್ತೆ ಹಾಕಿದರೂ ಅಳಿಯುವುದಿಲ್ಲ. ದಿನವೂ ಹಣ ಕಳಿಸುವ ಫೋನಿನಲ್ಲಿ ಈ ಪ್ರಯೋಗ ಮಾಡುವುದು ಜಾಣತನವಲ್ಲ. ಮೂಲೆಯಲ್ಲಿ ಬಿದ್ದಿರುವ ಹಳೆಯ ಫೋನಾದರೆ ಅಡ್ಡಿಯಿಲ್ಲ.

ಯಾವುದನ್ನು ಖಂಡಿತ ಮುಟ್ಟಬಾರದು?

"ನನ್ನ ಫೋನ್, ನನ್ನಿಷ್ಟ" ಎನ್ನುವವರು ನೆನಪಿಡಬೇಕಾದ ಗೆರೆ ಇದು.

ಮೊದಲನೆಯದು ಐಎಂಇಐ. ಪ್ರತಿ ಫೋನಿಗೂ ಇರುವ 15 ಅಂಕಿಗಳ ಗುರುತು ಸಂಖ್ಯೆ. ಕಳೆದ ಅಥವಾ ಕದ್ದ ಫೋನನ್ನು ಪತ್ತೆ ಮಾಡುವುದು, ಬ್ಲಾಕ್ ಮಾಡುವುದು ಇದರ ಮೇಲೆಯೇ. ಇದನ್ನು ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯ 42ನೇ ಕಲಂ ಪ್ರಕಾರ ಅಪರಾಧ. 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ತಿದ್ದಿದ ಫೋನ್ ಎಂದು ಗೊತ್ತಿದ್ದೂ ಇಟ್ಟುಕೊಳ್ಳುವುದೂ ತಪ್ಪು.

ಎರಡನೆಯದು ಸಿಗ್ನಲ್. ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವೆಂದು ಆನ್‌ಲೈನ್‌ನಲ್ಲಿ ಸಿಗ್ನಲ್ ಬೂಸ್ಟರ್ ತರಿಸಿ ಹಾಕಿಕೊಳ್ಳುವುದು, ಜ್ಯಾಮರ್ ಇಟ್ಟುಕೊಳ್ಳುವುದು ಅನುಮತಿಯಿಲ್ಲದೆ ಕಾನೂನುಬಾಹಿರ. ನಿಮ್ಮ ಮನೆಯ ಬೂಸ್ಟರ್ ಇಡೀ ಬಡಾವಣೆಯ ಕರೆಗಳನ್ನು ಕೆಡಿಸಬಹುದು. ಫೋನ್ ನಿಮ್ಮದು, ಗಾಳಿಯಲ್ಲಿನ ತರಂಗ ಎಲ್ಲರದು.

ಹಳೆಯ ಫೋನ್ ಕೊಳ್ಳುವವರಿಗೆ ಒಂದು ಮಾತು: ಹಣ ಕೊಡುವ ಮುನ್ನ *#06# ಒತ್ತಿ ಐಎಂಇಐ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ಕೆ, ವೈ, ಎಂ ಎಂದು ಬರೆದು, ಒಂದು ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಫೋನಿನ ವಿವರ ಬರುತ್ತದೆ. ಕೈಯಲ್ಲಿರುವ ಫೋನಿಗೂ ಬಂದ ವಿವರಕ್ಕೂ ಹೊಂದದಿದ್ದರೆ ಅಥವಾ ಬ್ಲಾಕ್ ಆಗಿದೆ ಎಂದು ಬಂದರೆ ಆ ಫೋನ್ ಬೇಡ.

ಮುಂದೆ ಬದಲಾವಣೆ ಬರಬಹುದೇ?

ಗಾಳಿ ಆ ಕಡೆಗೇ ಬೀಸುತ್ತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಮನೆಬಳಕೆಯ ಉಪಕರಣ, ವಾಹನ ಈ ನಾಲ್ಕನ್ನು ಮೊದಲಿಗೆ ಆರಿಸಿಕೊಂಡಿತು. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು 'ರೈಟ್ ಟು ರಿಪೇರ್' ಪೋರ್ಟಲ್ ಶುರುವಾಯಿತು. ಅಲ್ಲಿ ಕಂಪನಿಗಳ ಸರ್ವಿಸ್ ಸೆಂಟರ್, ವಾರಂಟಿ ಮುಂತಾದ ಮಾಹಿತಿ ಇದೆ. ಆದರೆ ಪೋರ್ಟಲ್ ಕಾನೂನಲ್ಲ. ಅದನ್ನು ತೋರಿಸಿ ಯಾರನ್ನೂ ಕಟ್ಟಿಹಾಕಲಾಗದು.

ಹೊರಗಡೆ ಕೆಲಸ ಮುಂದೆ ಹೋಗಿದೆ. ಯುರೋಪಿನಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನ್‌ಗಳಿಗೆ, ಆ ಮಾಡೆಲ್ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕೆಂಬ ನಿಯಮ ಬಂದಿದೆ. ಅಮೆರಿಕದ ಒರೆಗಾನ್ ರಾಜ್ಯ 2024ರಲ್ಲಿ, ಹೊರಗಿನ ಬಿಡಿಭಾಗ ಹಾಕಿದರೆ ಫೋನ್ ಸರಿಯಾಗಿ ಕೆಲಸ ಮಾಡದಂತೆ ಸಾಫ್ಟ್‌ವೇರ್‌ನಲ್ಲಿ ಗಂಟು ಹಾಕುವುದನ್ನು ನಿಷೇಧಿಸಿತು. ನಮ್ಮಲ್ಲಿ ಅಂಥ ಕಾನೂನು ಬರುವವರೆಗೆ ಗ್ರಾಹಕರ ಕೈಯಲ್ಲಿರುವುದು 2019ರ ಕಾಯ್ದೆ, ಬಿಲ್ ಮತ್ತು ಬರವಣಿಗೆಯಲ್ಲಿ ಉತ್ತರ ಕೇಳುವ ಅಭ್ಯಾಸ.

ಫಾರ್ವರ್ಡ್ ಮಾಡುವುದಿದ್ದರೆ ಇಷ್ಟು ಮಾಡಿ

• ಸ್ವಂತ ಫೋನ್ ಬಿಚ್ಚುವುದು, ರೂಟ್ ಮಾಡುವುದು ಅಪರಾಧವಲ್ಲ.
• ಹೊರಗಿನ ರಿಪೇರಿಯಿಂದ ವಾರಂಟಿಗೆ ತೊಂದರೆ ಬರಬಹುದು. ಆದರೆ ಕಾರಣ ಕೊಡದೆ "ಪೂರ್ತಿ ರದ್ದು" ಎಂದರೆ ಪ್ರಶ್ನಿಸಬಹುದು. ಸಹಾಯವಾಣಿ 1915.
• ಬದಲಾಯಿಸಿದ ಫೋನಿನಿಂದ ಹಾನಿಯಾದರೆ ಪರಿಹಾರ ಕೇಳುವುದು ಕಷ್ಟ.
• ಐಎಂಇಐ ತಿದ್ದುವುದು, ಅನುಮತಿಯಿಲ್ಲದ ಸಿಗ್ನಲ್ ಬೂಸ್ಟರ್ ಹಾಕುವುದು ಕಾನೂನುಬಾಹಿರ. ಅಲ್ಲಿ ಯಾವ ರಿಯಾಯಿತಿಯೂ ಇಲ್ಲ.