ಅರಣ್ಯ ಮತ್ತು ಮಣ್ಣು-ನೀರು ಸಂರಕ್ಷಣೆಯ ಕೆಲಸಕ್ಕೆ ರೈತರ ಮಕ್ಕಳು

ಪಿ.ಯು.ಸಿ. ಫಲಿತಾಂಶ ಬಂದ ಮೇಲೆ ರೈತರ ಮನೆಗಳಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಎಂಜಿನಿಯರಿಂಗ್, ನರ್ಸಿಂಗ್, ಪೊಲೀಸ್, ಇಲ್ಲವೇ ಬೆಂಗಳೂರಿನಲ್ಲಿ ಏನಾದರೊಂದು ನೌಕರಿ. ಇವುಗಳ ನಡುವೆ ಕೆಲವು ಹುಡುಗ ಹುಡುಗಿಯರು ಕಾಡಿನ ಕೆಲಸಕ್ಕೆ ಹೋಗುವುದಾಗಿ, ಇಲ್ಲವೇ ಗಿಡಮರ, ಮಣ್ಣು-ನೀರು ಉಳಿಸುವ ಕೆಲಸ ಮಾಡುವುದಾಗಿ ಹೇಳುತ್ತಾರೆ. ಹಿರಿಯರಿಗೆ 'ಫಾರೆಸ್ಟ್' ಎಂದ ಕೂಡಲೆ ನೆನಪಾಗುವುದು ಒಂದು ಗಾಡಿ ಸೌದೆಗೆ ಕೇಸು ಹಾಕಿದ ಖಾಕಿ ಬಟ್ಟೆಯವರು. ಮಕ್ಕಳಿಗೆ ನೆನಪಾಗುವುದು ಟಿ.ವಿ.ಯಲ್ಲಿ ಕಂಡ ಹುಲಿ. ಎರಡೂ ಚಿತ್ರಗಳು ಅಪೂರ್ಣ. ಈ ಕೆಲಸದಲ್ಲಿ ಏನೇನು ಮಾಡಬೇಕಾಗುತ್ತದೆ, ಯಾವ ಹುದ್ದೆಗೆ ಯಾವ ಓದು ಬೇಕು, ಯಾವುದು ಖಾಯಂ, ಯಾವುದು ತಾತ್ಕಾಲಿಕ ಎಂಬುದನ್ನು ತಿಳಿದ ಮೇಲೆಯೇ ನಿರ್ಧಾರ ಕೈಗೊಳ್ಳುವುದು ಒಳ್ಳೆಯದು.

ವರ್ಷಪೂರ್ತಿ ನಡೆಯುವ ಕೆಲಸ

ಕರ್ನಾಟಕದಲ್ಲಿ 2022 ರ ಅಂದಾಜಿನಂತೆ 563 ಹುಲಿಗಳೂ, 2023 ರ ಗಣತಿಯಂತೆ 6,395 ಆನೆಗಳೂ ಇವೆ. ಈ ಅಂಕಿಗಳು ಕಚೇರಿಯಲ್ಲಿ ಕುಳಿತು ಬರೆದವಲ್ಲ. ಗಸ್ತಿನ ಸಿಬ್ಬಂದಿ ಬೆಳಗಿನ ಜಾವ ಎದ್ದು, ಗೊತ್ತುಪಡಿಸಿದ ಸಾಲಿನಲ್ಲಿ ಮೈಲಿಗಟ್ಟಲೆ ನಡೆದು, ಹೆಜ್ಜೆ, ಲದ್ದಿ, ಮರ ತಿಕ್ಕಿದ ಗುರುತುಗಳನ್ನು ಬರೆದುಕೊಂಡದ್ದರಿಂದಲೂ, ಮರಗಳಿಗೆ ಕಟ್ಟಿದ ಕ್ಯಾಮೆರಾಗಳಿಂದಲೂ ದೊರೆತವು. ಹೀಗೆ ನಡೆಯುವ ಸಿಬ್ಬಂದಿಯಲ್ಲಿ ಅನೇಕರಿಗೆ ತಿಂಗಳುಗಟ್ಟಲೆ ಹುಲಿಯ ಮುಖ ಕಾಣಸಿಗುವುದಿಲ್ಲ.

ಅರಣ್ಯದ ಕೆಲಸಕ್ಕೂ ಬೇಸಾಯದಂತೆಯೇ ಒಂದು ಪಂಚಾಂಗವಿದೆ. ಮಳೆ ನಿಂತು ಹುಲ್ಲು ಒಣಗುವ ಹೊತ್ತಿಗೆ, ಡಿಸೆಂಬರ್-ಜನವರಿಯಲ್ಲಿ, ಬೆಂಕಿ ರೇಖೆಗಳನ್ನು ಸವರಿ ಸುಡಬೇಕು. ಫೆಬ್ರವರಿಯಿಂದ ಮುಂಗಾರಿನವರೆಗೆ ಬೆಂಕಿಯ ಕಾವಲು. ಇದೇ ಬೇಸಿಗೆಯಲ್ಲಿ ಅನೇಕ ಮರಗಳ ಬೀಜ ಸಂಗ್ರಹಣೆಯೂ ಸೇರಿಕೊಳ್ಳುತ್ತದೆ. ಜೂನ್-ಜುಲೈಯಲ್ಲಿ ನೆಡುವುದು; ಆಮೇಲೆ ಕಳೆ ತೆಗೆಯುವುದು, ಬುಡಕ್ಕೆ ಮಣ್ಣು ಏರಿಸುವುದು, ಸತ್ತ ಸಸಿಯ ಜಾಗಕ್ಕೆ ಬೇರೆ ಸಸಿ ಇಡುವುದು. ನೆಡುವ ದಿನ ಫೋಟೋ ತೆಗೆಸಿಕೊಳ್ಳಲು ಬಹಳ ಜನ ಬರುತ್ತಾರೆ, ಆದರೆ ನೆಡುತೋಪು ಉಳಿಯುವುದು ಮುಂದಿನ ಎರಡು ಮೂರು ವರ್ಷಗಳ ಆರೈಕೆಯಿಂದ. ಇದನ್ನು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೆಂಕಿಯ ವಿಷಯವನ್ನು ಮಾತ್ರ ಮನೆಯವರು ಸರಿಯಾಗಿ ತಿಳಿದಿರಬೇಕು. ಫೆಬ್ರವರಿ 2019 ರಲ್ಲಿ ಬಂಡೀಪುರದಲ್ಲಿ 10 ಸಾವಿರಕ್ಕೂ ಹೆಚ್ಚು ಎಕರೆ ಸುಟ್ಟಿತು. ಫೆಬ್ರವರಿ 2023 ರಲ್ಲಿ ಸಕಲೇಶಪುರ ಭಾಗದಲ್ಲಿ ಕಾಡಿನ ಬೆಂಕಿ ಆರಿಸಲು ಹೋದ ಗಸ್ತಿನ ಸಿಬ್ಬಂದಿಯೊಬ್ಬರು ಸುಟ್ಟ ಗಾಯಗಳಿಂದ ತೀರಿಕೊಂಡರು. ಹಸಿರು ಸೊಪ್ಪಿನ ಕೊಂಬೆಯಿಂದ ಬೆಂಕಿ ಬಡಿಯುವ ಕ್ರಮ ಇಂದಿಗೂ ಇದೆ. ಗಾಳಿಯ ದಿಕ್ಕು ತಿರುಗಿದಾಗ ಇಳಿಜಾರಿನ ಮೇಲ್ಭಾಗದಲ್ಲಿ ನಿಂತವರಿಗೆ ಓಡಲು ಸಮಯ ಸಿಗುವುದಿಲ್ಲ, ಏಕೆಂದರೆ ಬೆಂಕಿ ಏರಿನ ಕಡೆಗೆ ಬಹು ವೇಗವಾಗಿ ಹತ್ತುತ್ತದೆ. ಕೆಲಸಕ್ಕೆ ಸೇರುವವರು ಮೊದಲ ಬೇಸಿಗೆಗೆ ಮುಂಚೆಯೇ ಅನುಭವಸ್ಥರಿಂದ ಇದನ್ನು ಕಲಿಯತಕ್ಕದ್ದು.

ರೈತರ ಮಕ್ಕಳ ಬಂಡವಾಳ

ಸಸ್ಯಕ್ಷೇತ್ರದ ಕೆಲಸದಲ್ಲಿ ಬೇಸಾಯದ ಮನೆಯಲ್ಲಿ ಬೆಳೆದವರಿಗೂ ಪೇಟೆಯಲ್ಲಿ ಬೆಳೆದವರಿಗೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ತೇಗದ ಕಾಯಿಯನ್ನು ಹಾಗೆಯೇ ಬಿತ್ತಿದರೆ ಮೊಳಕೆ ಬಹಳ ಕಡಿಮೆ. ರಾತ್ರಿ ನೀರಿನಲ್ಲಿ ನೆನೆಸಿ ಹಗಲು ಬಿಸಿಲಿನಲ್ಲಿ ಒಣಗಿಸುವುದನ್ನು ಒಂದೆರಡು ವಾರ ಮಾಡಿದ ಮೇಲೆ ಗಟ್ಟಿ ಚಿಪ್ಪು ಮೆತ್ತಗಾಗುತ್ತದೆ. ಹಲಸು, ಹೆಬ್ಬಲಸು, ಧೂಪದಂತಹ ಮರಗಳ ಬೀಜದ ಗುಣ ಇದಕ್ಕೆ ತದ್ವಿರುದ್ಧ. ಅವನ್ನು ಒಣಗಿಸಿ ಇಟ್ಟರೆ ಸತ್ತೇ ಹೋಗುತ್ತವೆ, ಹಣ್ಣು ಉದುರಿದ ಕೆಲವೇ ದಿನಗಳಲ್ಲಿ ಬಿತ್ತಬೇಕು. ಶ್ರೀಗಂಧ ಅರೆ ಪರಾವಲಂಬಿ ಮರ. ಅದರ ಬೇರು ಇನ್ನೊಂದು ಗಿಡದ ಬೇರನ್ನು ಹಿಡಿದು ಆಹಾರ ಪಡೆಯಬೇಕಾದ್ದರಿಂದ, ಅದೇ ಚೀಲದಲ್ಲಿ ತೊಗರಿಯನ್ನೂ ಬೆಳೆಸಬೇಕು, ತೊಗರಿ ಮಿತಿಮೀರಿ ಬೆಳೆದು ನೆರಳು ಮಾಡದಂತೆ ಸವರುತ್ತಲೂ ಇರಬೇಕು. ಬೀಜ, ಮೊಳಕೆ, ನೆರಳು, ನೀರಿನ ಹದ ಕಂಡವರಿಗೆ ಇದು ಬೇಗ ಕೈಗೂಡುತ್ತದೆ.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರ ಹೆಸರನ್ನು ಬಹಳ ಜನ ಕೇಳಿದ್ದಾರೆ. ಶಾಲೆಗೆ ಹೋಗದ ಈ ಹಾಲಕ್ಕಿ ಮಹಿಳೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದುಡಿಯುತ್ತ, ಯಾವ ಜಾತಿಯ ಯಾವ ತಾಯಿಮರದಿಂದ ಯಾವಾಗ ಬೀಜ ಆರಿಸಬೇಕೆಂಬುದನ್ನು ನೋಡಿ ನೋಡಿಯೇ ಕಲಿತಿದ್ದರು. 2020 ರ ಸಾಲಿನ ಪದ್ಮಶ್ರೀ ಅವರಿಗೆ ಸಂದಿತು. ಡಿಸೆಂಬರ್ 2024 ರಲ್ಲಿ ಅವರು ತೀರಿಕೊಂಡರು. ಅವರನ್ನು ಹೊಗಳುವಾಗ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಮಾತಿದೆ: ಅಷ್ಟು ಜ್ಞಾನವಿದ್ದರೂ ಅವರು ಖಾಯಂ ಆಗುವ ಮೊದಲು ದಶಕಗಟ್ಟಲೆ ದಿನಗೂಲಿಯ ಮೇಲೆ ದುಡಿದವರು.

ಮಣ್ಣು ಮತ್ತು ನೀರಿನ ಕೆಲಸ

ಕಾಡಿನ ಹೊರಗೆ, ರೈತರ ಹೊಲಗಳಲ್ಲೇ ನಡೆಯುವ ಸಂರಕ್ಷಣೆಯ ಕೆಲಸವೂ ಕಡಿಮೆಯದಲ್ಲ. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್ ನೀರು. ಅದು ಇಂಗದೆ ಹರಿದು ಹೋಗುವಾಗ ಮೇಲ್ಮಣ್ಣನ್ನು ಒಂದೇ ಒಂದು ಮಿಲಿಮೀಟರಿನಷ್ಟು ಕೆರೆದೊಯ್ದರೂ ಎಕರೆಗೆ ಸುಮಾರು 5 ಟನ್ ಮಣ್ಣು ಹೋದಂತೆ. ಒಂದು ಮಿಲಿಮೀಟರ್ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಹೋದದ್ದು ಗೊತ್ತೂ ಆಗುವುದಿಲ್ಲ.

ಇದನ್ನು ತಡೆಯುವ ಕೆಲಸದ ಮೊದಲ ಪಾಠ ಸಮಪಾತಳಿ ರೇಖೆ ಗುರುತಿಸುವುದು. ಲೆವೆಲ್ ಯಂತ್ರವಿಲ್ಲದೆಯೂ ಇದನ್ನು ಮಾಡಬಹುದು. ಸುಮಾರು ಏಳು ಅಡಿಯ ಎರಡು ಗಳುಗಳ ತುದಿಗಳನ್ನು ಜೋಡಿಸಿ, ನಡುವೆ ಅಡ್ಡಪಟ್ಟಿ ಹೊಡೆದು, ಮೇಲಿನ ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಟ್ಟರೆ ಸಾಧನ ಸಿದ್ಧ. ಎರಡು ಗೂಟಗಳ ಮೇಲೆ ಕಾಲುಗಳನ್ನಿಟ್ಟು ದಾರ ಅಡ್ಡಪಟ್ಟಿಯನ್ನು ದಾಟುವಲ್ಲಿ ಗುರುತು ಮಾಡಬೇಕು. ಕಾಲುಗಳನ್ನು ಅದಲುಬದಲು ಮಾಡಿ ಅದೇ ಗೂಟಗಳ ಮೇಲಿಟ್ಟು ಇನ್ನೊಂದು ಗುರುತು ಮಾಡಬೇಕು. ಎರಡರ ನಟ್ಟನಡುವಿನ ಗುರುತಿನಲ್ಲಿ ದಾರ ನಿಂತಾಗ ಎರಡು ಕಾಲುಗಳೂ ಸಮ ಎತ್ತರದಲ್ಲಿರುತ್ತವೆ. ಹೀಗೆ ಒಂದೊಂದೇ ಹೆಜ್ಜೆ ಇಡುತ್ತ ಹೊಲದ ಅಡ್ಡಕ್ಕೆ ಗೂಟ ಹೊಡೆದುಕೊಂಡು ಹೋಗಬೇಕು. ಕಾಲೇಜು ಸೇರುವ ಮೊದಲೇ ಇದನ್ನು ಸ್ವಂತ ಹೊಲದಲ್ಲಿ ಮಾಡಿ ನೋಡಿದ ಹುಡುಗನಿಗೆ ಮುಂದೆ ಪುಸ್ತಕದ ಚಿತ್ರ ಅರ್ಥವಾಗುವ ಬಗೆಯೇ ಬೇರೆ.

ಎಲ್ಲವೂ ಮೇಲಿನಿಂದ ಇಳಿದು ಬಂದ ವಿದ್ಯೆಯಲ್ಲ ಎಂಬುದಕ್ಕೆ ಗುಂಡ್ಲುಪೇಟೆ ಕಡೆಯ ಲಾವಂಚದ ಬದುಗಳೇ ಉದಾಹರಣೆ. ಅಲ್ಲಿನ ರೈತರು ತಲೆಮಾರುಗಳಿಂದ ಹೊಲದ ಎಲ್ಲೆಗೆ ಲಾವಂಚ ಹಚ್ಚುತ್ತಿದ್ದರು. ಮಣ್ಣು ಹಿಡಿಯುವ ಅದರ ಗುಣವನ್ನು ವಿಶ್ವಬ್ಯಾಂಕಿನ ತಜ್ಞರು 1980 ರ ದಶಕದಲ್ಲಿ ಬೇರೆ ದೇಶಗಳಿಗೆ ಪ್ರಚಾರ ಮಾಡಿದಾಗ ಈ ಬದುಗಳನ್ನೂ ತೋರಿಸಿದರು. ಮಳೆಯ ದಿನ ಹೊಲದಲ್ಲಿ ನಿಂತು ನೀರು ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ತೋರಿಸಬಲ್ಲ ಮುದುಕರ ಮಾತನ್ನು ಕೇಳಿ ಬರೆದುಕೊಳ್ಳುವ ಗುಣ ಜಲಾನಯನ ಕಾರ್ಯಕರ್ತನಿಗೆ ಇರಬೇಕಾದ ಮೊದಲ ಅರ್ಹತೆ. ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ 2001 ರಿಂದ 2009 ರವರೆಗೆ ನಡೆದ ಸುಜಲ ಯೋಜನೆಯಲ್ಲಿ ಊರವರನ್ನು ಸೇರಿಸಿ ಕ್ರಿಯಾಯೋಜನೆ ಮಾಡಲು ಇಂಥ ಕಾರ್ಯಕರ್ತರೇ ಬೇಕಾದರು. ಆದರೆ ಯೋಜನೆಗಳಿಗೆ ಅವಧಿ ಇರುತ್ತದೆ. ಯೋಜನೆ ಮುಗಿದ ದಿನ ಅದರಡಿಯ ತಾತ್ಕಾಲಿಕ ನೌಕರಿಯೂ ಮುಗಿಯುತ್ತದೆ.

ಓದು ಮತ್ತು ಹುದ್ದೆಗಳು

ಅರಣ್ಯ ಇಲಾಖೆಯಲ್ಲಿ ಅರಣ್ಯ ವೀಕ್ಷಕರ ಹುದ್ದೆಗೆ ಎಸ್.ಎಸ್.ಎಲ್.ಸಿ., ಗಸ್ತು ಅರಣ್ಯ ಪಾಲಕರ ಹುದ್ದೆಗೆ ಪಿ.ಯು.ಸಿ. ಸಾಕು. ಹಿಂದೆ ಅರಣ್ಯ ರಕ್ಷಕ ಎಂದು ಕರೆಯುತ್ತಿದ್ದುದು ಈ ಎರಡನೆಯ ಹುದ್ದೆಯನ್ನೇ. ಇದರ ಮೇಲೆ ಉಪ ವಲಯ ಅರಣ್ಯಾಧಿಕಾರಿ, ವಲಯ ಅರಣ್ಯಾಧಿಕಾರಿ. ನೇಮಕಾತಿಗೆ ಎತ್ತರ, ಎದೆಯ ಸುತ್ತಳತೆ, ಓಟ, ನಡಿಗೆಯ ಪರೀಕ್ಷೆಗಳುಂಟು. ಅಳತೆಗಳನ್ನು ಆಯಾ ಅಧಿಸೂಚನೆಯಲ್ಲಿ ನೋಡಿಕೊಳ್ಳಬೇಕು. ಕೆಲಸ ಕೊಡಿಸುವುದಾಗಿ ಹಣ ಕೇಳುವವರು ಪ್ರತಿ ನೇಮಕಾತಿಯ ವೇಳೆಯಲ್ಲೂ ಹುಟ್ಟಿಕೊಳ್ಳುತ್ತಾರೆ. ಅವರಿಗೆ ಕೊಡಲು ಹೊಲ ಅಡವಿಟ್ಟವರಿಗೆ ಕೆಲಸವೂ ಇಲ್ಲ, ಹೊಲವೂ ಇಲ್ಲ.

ಹೆಚ್ಚಿನ ಓದಿಗೆ ನಾಲ್ಕು ವರ್ಷದ ಬಿ.ಎಸ್ಸಿ. ಅರಣ್ಯಶಾಸ್ತ್ರ ಪದವಿಯಿದೆ. ಧಾರವಾಡ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ಶಿರಸಿಯ ಅರಣ್ಯ ಮಹಾವಿದ್ಯಾಲಯ 1985 ರಲ್ಲೂ, ಕೊಡಗಿನ ಪೊನ್ನಂಪೇಟೆಯದು 1995 ರಲ್ಲೂ ಆರಂಭವಾದವು. ಪೊನ್ನಂಪೇಟೆಯ ಕಾಲೇಜು ಈಗ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಡಿ ಇದೆ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ವಲಯ ಅರಣ್ಯಾಧಿಕಾರಿ ಹುದ್ದೆಗಳಲ್ಲಿ ಒಂದು ಪಾಲು ಈ ಪದವೀಧರರಿಗೆಂದು ಇದ್ದರೂ ಆ ಪಾಲು ಎಷ್ಟಿರಬೇಕೆಂಬ ನಿಯಮ ಕಾಲಕಾಲಕ್ಕೆ ಬದಲಾಗಿದೆ, ವಿದ್ಯಾರ್ಥಿಗಳು ಮುಷ್ಕರ ಹೂಡಿದ್ದೂ ಉಂಟು. ಆದ್ದರಿಂದ ಈ ಒಂದೇ ಹುದ್ದೆಯನ್ನು ನೆಚ್ಚಿ ಕಾಲೇಜು ಸೇರುವುದು ಜಾಣತನವಲ್ಲ. 1966 ರಲ್ಲಿ ರಚನೆಯಾದ ಭಾರತೀಯ ಅರಣ್ಯ ಸೇವೆಯ ಪರೀಕ್ಷೆಯನ್ನು ಅರಣ್ಯಶಾಸ್ತ್ರವಲ್ಲದೆ ಕೃಷಿ, ಪಶುವೈದ್ಯ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಎಂಜಿನಿಯರಿಂಗ್ ಪದವೀಧರರೂ ಬರೆಯಬಹುದು.

ವನ್ಯಜೀವಿಗಳ ಅಧ್ಯಯನದಲ್ಲಿ ಆಸಕ್ತಿಯುಳ್ಳವರಿಗೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ಸ್ನಾತಕೋತ್ತರ ಶಿಕ್ಷಣವಿದೆ. ಬೆಂಗಳೂರು, ಮೈಸೂರುಗಳಲ್ಲಿ ಖಾಸಗಿ ಸಂಶೋಧನಾ ಸಂಸ್ಥೆಗಳೂ ಇವೆ. ಕಾಡಂಚಿನ ಹಳ್ಳಿಯವರನ್ನು ಇವು ಕ್ಷೇತ್ರ ಸಹಾಯಕರಾಗಿ ಸೇರಿಸಿಕೊಳ್ಳುವುದುಂಟು. ದಾರಿ ತೋರಿಸುವುದಷ್ಟಕ್ಕೇ ನಿಲ್ಲದೆ ಮಾಹಿತಿ ದಾಖಲಿಸುವುದನ್ನೂ, ತಕ್ಕಮಟ್ಟಿನ ಇಂಗ್ಲಿಷನ್ನೂ ಕಲಿತವರು ಮುಂದೆ ಬರುತ್ತಾರೆ.

ಕೇಳಬೇಕಾದ ಪ್ರಶ್ನೆಗಳು

ಕಳ್ಳಬೇಟೆ ತಡೆ ಶಿಬಿರಗಳಲ್ಲಿ, ಸಸ್ಯಕ್ಷೇತ್ರಗಳಲ್ಲಿ ದುಡಿಯುವವರಲ್ಲಿ ಬಹಳಷ್ಟು ಜನ ದಿನಗೂಲಿ ಅಥವಾ ಹೊರಗುತ್ತಿಗೆಯವರು. ಕಾಡು ನಿಂತಿರುವುದು ಬಹುಮಟ್ಟಿಗೆ ಇವರ ಕಾಲ್ನಡಿಗೆಯ ಮೇಲೆ. ಆದರೂ ಸಂಬಳ ಕಡಿಮೆ, ಅದೂ ಕೆಲವೊಮ್ಮೆ ತಡ. ಇಂಥ ಕೆಲಸ ಬಂದಾಗ ಬೇಡವೆನ್ನಬೇಕಾಗಿಲ್ಲ. ಆದರೆ ಸೇರುವ ಮೊದಲು ಕೂಲಿ ಯಾರಿಂದ ಬರುತ್ತದೆ, ಭವಿಷ್ಯನಿಧಿ ಕಟ್ಟುತ್ತಾರೆಯೇ, ಕಾಡುಪ್ರಾಣಿಯಿಂದ ಅಥವಾ ಬೆಂಕಿಯಿಂದ ಅಪಾಯವಾದರೆ ವಿಮೆಯಿದೆಯೇ, ತಿಂಗಳಿಗೆ ಎಷ್ಟು ದಿನ ಮನೆಗೆ ಬರಬಹುದು ಎಂದು ಬಾಯಿಬಿಟ್ಟು ಕೇಳಬೇಕು. ಮುಂದೆಂದಾದರೂ ಖಾಯಂ ಆದೀತೆಂಬ ನಂಬಿಕೆಯಲ್ಲೇ ನೇಮಕಾತಿಯ ವಯಸ್ಸು ಕಳೆದುಹೋದವರು ಎಲ್ಲ ವಲಯಗಳಲ್ಲೂ ಸಿಗುತ್ತಾರೆ. ಈ ಕೆಲಸ ಮಾಡುತ್ತಿರುವಾಗಲೇ ಪರೀಕ್ಷೆಗೆ ಕಟ್ಟುವುದು ಉತ್ತಮ.

ಹೆಣ್ಣುಮಕ್ಕಳು ಈಗ ಗಸ್ತಿನ ಹುದ್ದೆಗಳಲ್ಲೂ ಅಧಿಕಾರಿಗಳಾಗಿಯೂ ಕೆಲಸ ಮಾಡುತ್ತಿದ್ದಾರೆ. ಅವರ ಶಕ್ತಿಯ ಬಗ್ಗೆ ಸಂಶಯಕ್ಕೆ ಕಾರಣವಿಲ್ಲ. ಕೊರತೆಯಿರುವುದು ದೂರದ ಶಿಬಿರಗಳಲ್ಲಿನ ಶೌಚಾಲಯ, ವಸತಿಯಂಥ ಸೌಕರ್ಯಗಳಲ್ಲಿ. ಮನೆಯವರು ವಿಚಾರಿಸಬೇಕಾದುದು ಇದನ್ನು.

ಊರವರ ನಡುವೆ ಖಾಕಿ

ಎಲ್ಲಕ್ಕಿಂತ ಕಷ್ಟದ ಭಾಗ ಪ್ರಾಣಿಗಳದ್ದಲ್ಲ, ಜನರದ್ದು. ರಾತ್ರಿ ಆನೆ ನುಗ್ಗಿದ ರಾಗಿ ಹೊಲಕ್ಕೆ ಬೆಳಿಗ್ಗೆ ಮಹಜರಿಗೆ ಹೋಗುವವನು ಅದೇ ಹೋಬಳಿಯ ಹುಡುಗನಾಗಿರಬಹುದು. ಹೊಲದ ಯಜಮಾನ ಅವನ ಚಿಕ್ಕಪ್ಪನೇ ಆಗಿರಬಹುದು. ಪರಿಹಾರದ ಮೊತ್ತ ಅವನ ಕೈಯಲ್ಲಿಲ್ಲ, ಬೈಗುಳ ಮಾತ್ರ ಅವನಿಗೆ. ಒತ್ತುವರಿ, ಸೌದೆ, ದನ ಮೇಯಿಸುವಿಕೆ ಇವೆಲ್ಲದರಲ್ಲೂ 1972 ರ ವನ್ಯಜೀವಿ ಕಾಯ್ದೆ ಹಾಗೂ 1963 ರ ಕರ್ನಾಟಕ ಅರಣ್ಯ ಕಾಯ್ದೆ ಒಂದು ಕಡೆ, ನೆಂಟರು ಇನ್ನೊಂದು ಕಡೆ. 2006 ರ ಅರಣ್ಯ ಹಕ್ಕು ಕಾಯ್ದೆಯಂತೆ ಜನರಿಗೆ ಇರುವ ಹಕ್ಕುಗಳನ್ನೂ ಅವನು ತಿಳಿದಿರಬೇಕು. ಅದನ್ನು ತಿಳಿಯದ ಸಿಬ್ಬಂದಿಯಿಂದಲೇ ಅನೇಕ ಜಗಳಗಳು ಹುಟ್ಟುತ್ತವೆ.

ಹಾಗೆಂದು ರೈತನ ಮಗ ಅಥವಾ ಮಗಳು ಈ ಜಾಗದಲ್ಲಿರುವುದು ತಪ್ಪೆಂದಲ್ಲ, ಅವರೇ ಇರಬೇಕಾದ ಜಾಗವಿದು. ತೆಂಡೆ ಒಡೆಯುವ ರಾಗಿ ತುಳಿದರೆ ಸ್ವಲ್ಪವಾದರೂ ಚೇತರಿಸಿಕೊಂಡೀತು, ಹಾಲುಗಾಳಿನ ಹಂತದಲ್ಲಿ ತುಳಿದರೆ ವರ್ಷದ ಅನ್ನವೇ ಹೋಯಿತು ಎಂಬುದನ್ನು ಬಲ್ಲವರು ಬರೆದ ಮಹಜರು ಬೇರೆಯೇ ಆಗಿರುತ್ತದೆ. ಬಾಳೆ, ತೆಂಗಿನ ಸಸಿಯ ವಯಸ್ಸನ್ನು ಅವರು ಕಣ್ಣಳತೆಯಲ್ಲೇ ಹೇಳಬಲ್ಲರು. ಆನೆ ಕಂದಕದ ಯಾವ ಅಂಚು ಮಳೆಗೆ ಕುಸಿಯುತ್ತದೆ, ಸೋಲಾರ್ ಬೇಲಿಗೆ ಹುಲ್ಲು ತಾಗಿ ಎಲ್ಲಿ ವಿದ್ಯುತ್ತು ಸೋರುತ್ತದೆ ಎಂಬುದನ್ನು ಹೊಲದವರಿಂದ ಮೊದಲೇ ಕೇಳಿ ತಿಳಿಯುವವರೂ ಇವರೇ.

ಈ ವರ್ಷವೇ ಮಾಡಬಹುದಾದದ್ದು

ಆಸಕ್ತಿ ಇದೆ ಎನ್ನುವ ಮಕ್ಕಳನ್ನು ಒಂದು ಮಳೆಗಾಲದ ಮಟ್ಟಿಗಾದರೂ ಹತ್ತಿರದ ಸಸ್ಯಕ್ಷೇತ್ರ ಅಥವಾ ನೆಡುತೋಪಿನ ಕೆಲಸಕ್ಕೆ ಕಳಿಸಿ ನೋಡಬೇಕು. ಜಿಗಣೆ, ಕೆಸರು, ಬೆನ್ನುನೋವುಗಳ ನಂತರವೂ ಆಸಕ್ತಿ ಉಳಿದರೆ ಅದು ನಿಜವಾದ ಆಸಕ್ತಿ. ಊರಿನ ಸುತ್ತಲ ಇಪ್ಪತ್ತು ಮೂವತ್ತು ಮರಗಳ ಹೆಸರು, ಹೂ ಬಿಡುವ ತಿಂಗಳು, ಕಾಯಿ ಬಲಿಯುವ ತಿಂಗಳು ಬರೆದಿಡಲು ಒಂದು ನೋಟ್‌ಪುಸ್ತಕ ಸಾಕು.

ಬಿ.ಎಸ್ಸಿ. ಸೇರಲಿಚ್ಛಿಸುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕೃಷಿ ವಿಶ್ವವಿದ್ಯಾನಿಲಯಗಳ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಮೀಸಲಾದ ಸೀಟುಗಳಿವೆ. ಅದಕ್ಕಾಗಿ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಉಪಕರಣಗಳಂಥವನ್ನು ಗುರುತಿಸಬೇಕು. ಹಾಸ್ಟೆಲಿನಲ್ಲೇ ಬೆಳೆದು ಹೊಲಕ್ಕೆ ಕಾಲಿಡದ ಮಕ್ಕಳು ಇಲ್ಲಿ ತಡವರಿಸುತ್ತಾರೆ. ಬೇಸಿಗೆ ರಜೆಯಲ್ಲಿ ಮನೆಯ ಉಗ್ರಾಣ, ಹತ್ತಿರದ ರೈತ ಸಂಪರ್ಕ ಕೇಂದ್ರ ಎರಡನ್ನೂ ತೋರಿಸಿದರೆ ಅರ್ಧ ತಯಾರಿ ಆದಂತೆ. ಪಹಣಿಯಲ್ಲಿ ಅಜ್ಜನ ಹೆಸರೇ ಉಳಿದಿದ್ದರೆ ಪೌತಿ ಖಾತೆ ಮಾಡಿಸಿ, ತಹಶೀಲ್ದಾರರ ಕಚೇರಿಯ ಪ್ರಮಾಣಪತ್ರಗಳನ್ನು ಅರ್ಜಿ ಕರೆಯುವ ಮೊದಲೇ ಪಡೆದಿಟ್ಟುಕೊಳ್ಳಬೇಕು. ಕೊನೆಯ ವಾರದಲ್ಲಿ ನಾಡಕಚೇರಿಯ ಸಾಲು ಬಹಳ ಉದ್ದವಿರುತ್ತದೆ.