ಮುಂದಿನ ಗಾಲಿಗೂ ಬಲ: ಹಳೆಯ ಪಿಕಪ್ ನಾಲ್ಕು ಚಕ್ರ ಚಾಲನೆಗೆ ತಿರುಗಿದ ಬಗೆ

ಹಿಂದಿನ ಎರಡು ಚಕ್ರಗಳಿಗಷ್ಟೇ ಎಂಜಿನ್ನಿನ ಬಲ ಹರಿಯುವ ಪಿಕಪ್ ವಾಹನ ಕೆಸರಿನಲ್ಲಿ ಹೂತು ನಿಂತಾಗ ಅದಕ್ಕೆ ಸಾಲದೆ ಬರುವುದು ನೆಲದ ಹಿಡಿತ. ಎಂಜಿನ್ನಿನಲ್ಲಿ ಶಕ್ತಿ ಬೇಕಾದಷ್ಟಿದ್ದರೂ ಚಕ್ರ ನಿಂತಲ್ಲೇ ತಿರುಗುತ್ತದೆ. ಒಂದು ಚಕ್ರ ವಾಹನವನ್ನು ಎಷ್ಟು ಬಲದಿಂದ ಮುಂದೆ ನೂಕಬಲ್ಲದು ಎಂಬುದು ಆ ಚಕ್ರದ ಮೇಲೆ ಬಿದ್ದಿರುವ ಭಾರವನ್ನೂ ಟೈರು ಮತ್ತು ನೆಲದ ನಡುವಿನ ಘರ್ಷಣೆಯನ್ನೂ ಅವಲಂಬಿಸಿರುತ್ತದೆ. ಸರಕಿಲ್ಲದ ಪಿಕಪ್ಪಿನಲ್ಲಿ ಎಂಜಿನ್ ಮತ್ತು ಕ್ಯಾಬಿನ್ ಮುಂದಿರುವುದರಿಂದ ಭಾರದ ಹೆಚ್ಚಿನ ಪಾಲು ಮುಂದಿನ ಚಕ್ರಗಳ ಮೇಲೆಯೇ ಬೀಳುತ್ತದೆ. 1,500 ಕಿಲೊ ತೂಕದ ವಾಹನವೊಂದರಲ್ಲಿ 900 ಕಿಲೊ ಮುಂದೆ, 600 ಕಿಲೊ ಹಿಂದೆ ಇದೆಯೆಂದೂ, ಹಸಿ ಮಣ್ಣಿನ ಘರ್ಷಣಾಂಕ 0.3 ಎಂದೂ ಇಟ್ಟುಕೊಂಡರೆ, ಹಿಂದಿನ ಚಕ್ರಗಳಿಂದ ಸಿಗುವ ನೂಕುಬಲ 180 ಕಿಲೊ ತೂಕಕ್ಕೆ ಸಮ. ನಾಲ್ಕೂ ಚಕ್ರಗಳು ದುಡಿದರೆ ಅದು 450ಕ್ಕೆ ಏರುತ್ತದೆ. ಎಂಜಿನ್ನನ್ನು ಮುಟ್ಟದೆಯೇ ದೊರೆಯುವ ಈ ಎರಡೂವರೆ ಪಟ್ಟು ಲಾಭವೇ ಹಳೆಯ ಪಿಕಪ್ಪುಗಳನ್ನು ನಾಲ್ಕು ಚಕ್ರ ಚಾಲನೆಗೆ ಬದಲಿಸುವ ಕಸುಬಿಗೆ ಮೂಲ ಕಾರಣ.

ಈ ಕಸುಬು ವ್ಯವಸ್ಥಿತ ಉದ್ಯಮವಾಗಿ ಬೆಳೆದದ್ದು ಅಮೆರಿಕದಲ್ಲಿ. ವಾಲ್ಟರ್ ಮಾರ್ಮನ್ ಮತ್ತು ಆರ್ಥರ್ ಹೆರಿಂಗ್ಟನ್ 1931ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಕಟ್ಟಿದ ಮಾರ್ಮನ್-ಹೆರಿಂಗ್ಟನ್ ಕಂಪನಿಯು ಆ ದಶಕದ ನಡುಭಾಗದಿಂದ ಫೋರ್ಡ್ ಟ್ರಕ್ಕುಗಳ ಮುಂದಿನ ಆಕ್ಸಲ್‌ಗೂ ಚಾಲನೆ ಕೊಟ್ಟು ಮಾರಾಟ ಮಾಡತೊಡಗಿತು. ಹೆರಿಂಗ್ಟನ್‌ಗೆ ಭಾರತದೊಡನೆಯೂ ನಂಟಿತ್ತು. ಯುದ್ಧಕಾಲದ ಉತ್ಪಾದನೆಗೆ ಇಲ್ಲಿನ ಕೈಗಾರಿಕೆಗಳು ಎಷ್ಟರಮಟ್ಟಿಗೆ ಸಜ್ಜಾಗಿವೆ ಎಂದು ಪರಿಶೀಲಿಸಲು ಹೆನ್ರಿ ಗ್ರೇಡಿ ಅವರ ನಾಯಕತ್ವದಲ್ಲಿ 1942ರಲ್ಲಿ ಬಂದ ಅಮೆರಿಕದ ತಾಂತ್ರಿಕ ನಿಯೋಗದಲ್ಲಿ ಅವರು ಸದಸ್ಯರಾಗಿದ್ದರು. ಮಹಾಯುದ್ಧ ಮುಗಿದ ಮೇಲೆ ಸೇನೆಯ ಹೆಚ್ಚುವರಿ ಜೀಪುಗಳು ಹೊಲ ಮತ್ತು ಹುಲ್ಲುಗಾವಲುಗಳಿಗೆ ಇಳಿದವು. ಯುದ್ಧಕಾಲದ ಟ್ರಕ್ಕಿನಿಂದಲೇ ರೂಪುಗೊಂಡ ಡಾಡ್ಜ್ ಪವರ್ ವ್ಯಾಗನ್ 1946ರಲ್ಲಿ ಸಾರ್ವಜನಿಕರ ಕೈಗೆ ಬಂದಿತು. ಆದರೆ ಷೆವರ್ಲೆ ಮತ್ತು ಜಿಎಂಸಿ ಪಿಕಪ್ಪುಗಳಿಗೆ ಒಗ್ಗಿಕೊಂಡಿದ್ದ ರೈತರಿಗೂ, ವಿದ್ಯುತ್ ತಂತಿ ಎಳೆಯುವ ಕೆಲಸಗಾರರಿಗೂ ಬೇಕಾಗಿದ್ದದ್ದು ತಮ್ಮ ಕೈಯಲ್ಲಿದ್ದ ವಾಹನವೇ ನಾಲ್ಕೂ ಚಕ್ರಗಳಿಂದ ದುಡಿಯುವುದು.

ಆ ಬೇಡಿಕೆಯನ್ನು ಪೂರೈಸಿದ್ದು ಮಿನಿಯಾಪೊಲಿಸ್ ನಗರದ ನಾರ್ತ್‌ವೆಸ್ಟರ್ನ್ ಆಟೊ ಪಾರ್ಟ್ಸ್ ಕಂಪನಿ. ನ್ಯಾಪ್ಕೊ ಎಂಬ ಸಂಕ್ಷಿಪ್ತ ಹೆಸರಿನಿಂದ ಪ್ರಸಿದ್ಧವಾದ ಈ ಸಂಸ್ಥೆಯು ಮುಂದಿನ ಆಕ್ಸಲ್, ಟ್ರಾನ್ಸ್‌ಫರ್ ಕೇಸ್ ಎಂಬ ಬಲ ಹಂಚುವ ಗೇರ್ ಪೆಟ್ಟಿಗೆ, ಶಾಫ್ಟುಗಳು ಮತ್ತು ಬ್ರಾಕೆಟ್ಟುಗಳನ್ನೆಲ್ಲ ಒಂದೇ ಕಿಟ್ಟಾಗಿ ‘ಪವರ್ ಪ್ಯಾಕ್’ ಎಂಬ ಹೆಸರಿನಲ್ಲಿ ಮಾರುತ್ತಿತ್ತು. ಮುಂದಿನ ಆಕ್ಸಲ್‌ನ ಹೊಟ್ಟೆಯೊಳಗೆ, ಅಂದರೆ ಕ್ರೌನ್ ಮತ್ತು ಪಿನಿಯನ್ ಎಂಬ ಗೇರುಗಳು ಕೂರುವ ಜಾಗದಲ್ಲಿ, ಪಿಕಪ್ ತಯಾರಕರದೇ ಹಿಂದಿನ ಆಕ್ಸಲ್‌ನ ಬಿಡಿಭಾಗಗಳನ್ನೇ ಬಳಸಿದ್ದು ಈ ಕಿಟ್ಟಿನ ಅತ್ಯಂತ ವಿವೇಕದ ಅಂಶವಾಗಿತ್ತು. ಇದರಿಂದ ಬಿಡಿಭಾಗ ಯಾವ ಊರಿನಲ್ಲಾದರೂ ಸಿಗುವಂತಾಯಿತು. ಮುಂದಿನ ಮತ್ತು ಹಿಂದಿನ ಗೇರ್ ಅನುಪಾತಗಳು ತಾಳೆಯಾಗುವುದೂ ಸುಲಭವಾಯಿತು. 1957ರ ಹೊತ್ತಿಗೆ ಷೆವರ್ಲೆ ಪಿಕಪ್ಪನ್ನು ಈ ವ್ಯವಸ್ಥೆಯೊಂದಿಗೇ ಕಾರ್ಖಾನೆಯಿಂದ ತರಿಸಿಕೊಳ್ಳುವ ಅವಕಾಶ ಬಂದಿತ್ತು. ಫೋರ್ಡ್ 1959ರಲ್ಲಿ ತನ್ನದೇ ನಾಲ್ಕು ಚಕ್ರ ಚಾಲನೆಯ ಪಿಕಪ್ಪುಗಳನ್ನು ಹೊರತಂದಿತು.

ಹೊರಗಿನ ಕಿಟ್ಟೊಂದು ಇಷ್ಟು ಸಲೀಸಾಗಿ ಹೊಂದಿಕೊಳ್ಳಲು ಆ ಕಾಲದ ಪಿಕಪ್ಪಿನ ಕಟ್ಟಡವೇ ಕಾರಣ. ಅದರ ಮುಂದಿನ ಎರಡು ಚಕ್ರಗಳನ್ನು ಕೂಡಿಸುತ್ತಿದ್ದದ್ದು ಗಟ್ಟಿ ಉಕ್ಕಿನ ಅಡ್ಡತೊಲೆ. ಆ ತೊಲೆಯನ್ನು ಚಾಸಿಗೆ ಹಿಡಿದಿಡುತ್ತಿದ್ದದ್ದು ಲೀಫ್ ಸ್ಪ್ರಿಂಗ್, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿದ ಕಟ್ಟು. ಯು ಆಕಾರದ ಬೋಲ್ಟುಗಳನ್ನು ಬಿಚ್ಚಿ ಹಳೆಯ ತೊಲೆಯನ್ನು ಹೊರಗೆಳೆದು, ಒಳಗೆ ಶಾಫ್ಟು ತಿರುಗುವ ಟೊಳ್ಳು ಆಕ್ಸಲನ್ನು ಅದೇ ಜಾಗದಲ್ಲಿ ಕೂರಿಸಿದರೆ ಕೆಲಸದ ಒರಟು ಭಾಗ ಮುಗಿಯುತ್ತಿತ್ತು. ಹೊಸ ಆಕ್ಸಲ್‌ನ ಉಬ್ಬಿದ ಹೊಟ್ಟೆ ಎಂಜಿನ್ನಿನ ಆಯಿಲ್ ಸಂಪಿಗೆ ತಾಗಬಾರದೆಂಬ ಕಾರಣಕ್ಕೆ ವಾಹನವನ್ನು ಒಂದಿಷ್ಟು ಎತ್ತರಿಸಬೇಕಾಗುತ್ತಿತ್ತು. ಹಳೆಯ ಷೆವರ್ಲೆ ಅರ್ಧ ಟನ್ ಪಿಕಪ್ಪುಗಳಲ್ಲಿ ಹಿಂದಿನ ಪ್ರೊಪೆಲರ್ ಶಾಫ್ಟು ಕೊಳವೆಯೊಂದರೊಳಗೆ ಮುಚ್ಚಿಹೋಗಿದ್ದುದರಿಂದ ನಡುವೆ ಇನ್ನೊಂದು ಗೇರ್ ಪೆಟ್ಟಿಗೆಯನ್ನು ಸೇರಿಸುವುದು ತೊಡಕಿನ ಕೆಲಸವಾಗಿತ್ತು. 1955ರಲ್ಲಿ ಬಂದ ಹೊಸ ಮಾದರಿಯಲ್ಲಿ ತೆರೆದ ಶಾಫ್ಟು ಬಳಕೆಗೆ ಬಂದ ಮೇಲೆ ಆ ತೊಡಕು ನೀಗಿತು.

ನಿಜವಾದ ಕಷ್ಟ ಇದ್ದದ್ದು ಚಕ್ರದ ಬುಡದಲ್ಲಿ. ಮುಂದಿನ ಚಕ್ರ ಎಂಜಿನ್ನಿನ ಬಲವನ್ನು ಪಡೆಯುತ್ತಲೇ ಎಡಕ್ಕೂ ಬಲಕ್ಕೂ ಹೊರಳಬೇಕಾದ್ದರಿಂದ, ಅದಕ್ಕೆ ಬಲ ಒಯ್ಯುವ ಶಾಫ್ಟು ತಿರುಗುತ್ತಿರುವಾಗಲೇ ಬಾಗಬೇಕು. ಶಾಫ್ಟುಗಳನ್ನು ಬಾಗುವಂತೆ ಜೋಡಿಸಲು ಇರುವ ಸರಳ ಉಪಾಯ ಯೂನಿವರ್ಸಲ್ ಜಾಯಿಂಟ್. ಗ್ಯಾರೇಜುಗಳಲ್ಲಿ ‘ಕ್ರಾಸ್’ ಎಂದು ಕರೆಯುವ, ನಾಲ್ಕು ಕೈಗಳ ಉಕ್ಕಿನ ತುಂಡು ಅದರ ಜೀವಾಳ. ಈ ಜಾಯಿಂಟಿಗೆ ಹುಟ್ಟಿನಿಂದಲೇ ಬಂದ ಒಂದು ದೋಷವಿದೆ. ಒಳಬರುವ ಶಾಫ್ಟು ಒಂದೇ ವೇಗದಲ್ಲಿ ತಿರುಗುತ್ತಿದ್ದರೂ, ಜಾಯಿಂಟು 30 ಡಿಗ್ರಿ ಬಾಗಿದಾಗ ಹೊರಹೋಗುವ ಶಾಫ್ಟಿನ ವೇಗ ಅದರ 0.87 ಪಟ್ಟಿನಿಂದ 1.15 ಪಟ್ಟಿನವರೆಗೆ ಏರಿಳಿಯುತ್ತದೆ; ಈ ಏರಿಳಿತ ಪ್ರತಿ ಸುತ್ತಿನಲ್ಲೂ ಎರಡು ಸಲ ನಡೆಯುತ್ತದೆ. ತಿರುವಿನಲ್ಲಿ ಸ್ಟಿಯರಿಂಗ್ ಚಕ್ರ ಕೈಯಲ್ಲಿ ಅದುರುವುದು ಈ ಕಾರಣದಿಂದಲೇ. ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ರ್‍ಜೆಪ್ಪಾ 1920ರ ದಶಕದಲ್ಲಿ ರೂಪಿಸಿದ ಜಾಯಿಂಟು ಇದಕ್ಕೆ ಸುಂದರ ಪರಿಹಾರ ನೀಡಿತು: ಬಾಗಿದ ತೋಡುಗಳಲ್ಲಿ ಉರುಳುವ ಆರು ಉಕ್ಕಿನ ಗುಂಡುಗಳು ಎರಡು ಶಾಫ್ಟುಗಳ ನಡುವಿನ ಕೋನವನ್ನು ಸರಿಯಾಗಿ ಅರ್ಧಿಸುವ ಸಮತಲದಲ್ಲೇ ಸದಾ ನಿಲ್ಲುವುದರಿಂದ, ಎಷ್ಟೇ ಬಾಗಿದರೂ ಎರಡೂ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಇಂಥ ಜಾಯಿಂಟುಗಳನ್ನು ನಿಖರವಾಗಿ ತಯಾರಿಸುವುದು ಎಷ್ಟು ಕಷ್ಟವಾಗಿತ್ತೆಂದರೆ, ಯುದ್ಧಕಾಲದ ಜೀಪುಗಳಿಗೆ ಬೇಕಾದಷ್ಟನ್ನು ಒಂದೇ ಬಗೆಯಲ್ಲಿ ಒದಗಿಸಲಾಗದೆ ಹಲವು ವಿನ್ಯಾಸಗಳ ಜಾಯಿಂಟುಗಳನ್ನು ಬಳಸಬೇಕಾಯಿತು. ಮುಂದಿನ ಚಕ್ರಗಳಿಗೆ ಚಾಲನೆ ಕೊಡುವ ಕಲ್ಪನೆ ಬಹಳ ಹಳೆಯದಾದರೂ ಅದು ಸಾಮಾನ್ಯರ ವಾಹನಕ್ಕೆ ಇಳಿಯಲು ಇಷ್ಟು ಕಾಲ ಹಿಡಿದದ್ದೇಕೆ ಎಂಬುದಕ್ಕೆ ಅಂಗೈಯಗಲದ ಈ ಜೋಡಣೆಯಲ್ಲೇ ಉತ್ತರವಿದೆ.

ಟ್ರಾನ್ಸ್‌ಫರ್ ಕೇಸ್ ಎಂದರೆ ಗೇರ್‌ಬಾಕ್ಸಿನಿಂದ ಬಂದ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಇನ್ನೊಂದು ಗೇರ್ ಪೆಟ್ಟಿಗೆ. ಕೆಲವು ವಾಹನಗಳಲ್ಲಿ ಇದು ಗೇರ್‌ಬಾಕ್ಸಿಗೇ ಅಂಟಿಕೊಂಡಿರುತ್ತದೆ. ನ್ಯಾಪ್ಕೊ ಕಿಟ್ಟಿನಲ್ಲಿ ಅದು ಚಾಸಿಗೆ ಬೇರೆಯಾಗಿ ತೂಗುಬಿದ್ದು, ಗಿಡ್ಡ ಶಾಫ್ಟೊಂದರ ಮೂಲಕ ಗೇರ್‌ಬಾಕ್ಸಿಗೆ ಸೇರುತ್ತಿತ್ತು. ಹೀಗೆ ಬೇರ್ಪಡಿಸಿದಾಗ ಮೂಲ ಗೇರ್‌ಬಾಕ್ಸನ್ನು ಬದಲಿಸುವ ಅಗತ್ಯ ಬೀಳುವುದಿಲ್ಲವಾದರೂ, ಮೂರು ಶಾಫ್ಟುಗಳ ಕೋನಗಳನ್ನು ಸರಿಹೊಂದಿಸುವ ಹೊಣೆ ಮೈಮೇಲೆ ಬೀಳುತ್ತದೆ. ಶಾಫ್ಟಿನ ಎರಡೂ ತುದಿಯ ಜಾಯಿಂಟುಗಳು ಸಮನಾದ ಕೋನದಲ್ಲಿ ಬಾಗಿದ್ದು, ಅವುಗಳ ಕವಲುಗಳು ಒಂದೇ ನೇರದಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಇದು ತಪ್ಪಿದರೆ ಹೆದ್ದಾರಿಯ ವೇಗದಲ್ಲಿ ಇಡೀ ವಾಹನ ನಡುಗುತ್ತದೆ.

ಅನುಭವಿ ಕಸುಬುದಾರರೂ ಎಡವುವ ಜಾಗ ಇಲ್ಲೇ ಇದೆ. ವಾಹನವನ್ನು ಎತ್ತರಿಸಿದಾಗ ಮುಂದಿನ ಶಾಫ್ಟಿನ ಇಳಿಜಾರು ಹೆಚ್ಚುವುದರಿಂದ, ಅದನ್ನು ತಗ್ಗಿಸಲೆಂದು ಇಡೀ ಆಕ್ಸಲನ್ನೇ ಸ್ವಲ್ಪ ತಿರುಗಿಸಿ ಪಿನಿಯನ್ನಿನ ಮೂತಿಯನ್ನು ಮೇಲಕ್ಕೆತ್ತುವುದು ಯಾರಿಗಾದರೂ ತೋಚುವ ದಾರಿ. ಆದರೆ ಚಕ್ರ ಹೊರಳುವ ಕಿಂಗ್‌ಪಿನ್ನಿನ ಹಿಂದಕ್ಕೆ ವಾಲಿದ ಓರೆಯೂ ಅದೇ ಆಕ್ಸಲ್‌ಗೆ ಕಟ್ಟುಬಿದ್ದಿದೆ. ಕ್ಯಾಸ್ಟರ್ ಎಂಬ ಹೆಸರಿನ ಈ ಓರೆಯೇ ತಿರುವು ಮುಗಿದ ಮೇಲೆ ಸ್ಟಿಯರಿಂಗನ್ನು ತಾನಾಗಿ ನೇರಕ್ಕೆ ತರುವಂಥದು. ಪಿನಿಯನ್ ಮೇಲೆದ್ದಷ್ಟೂ ಕ್ಯಾಸ್ಟರ್ ಕುಗ್ಗಿ, ವಾಹನ ನೇರ ರಸ್ತೆಯಲ್ಲೂ ಅತ್ತಿತ್ತ ಅಲೆಯತೊಡಗುತ್ತದೆ. ಆಕ್ಸಲ್ ಕೊಳವೆಯ ತುದಿಯಲ್ಲಿ ಚಕ್ರದ ಗೆಣ್ಣುಗಳನ್ನು ಹಿಡಿದ ಭಾಗವನ್ನು ಕತ್ತರಿಸಿ, ಬೇಕಾದಷ್ಟು ಡಿಗ್ರಿ ತಿರುಗಿಸಿ ಮತ್ತೆ ಬೆಸುಗೆ ಹಾಕುವುದೇ ಇದಕ್ಕೆ ಸರಿಯಾದ ಮದ್ದು. ಆ ಬೆಸುಗೆ ಬಿಟ್ಟುಹೋದರೆ ಚಕ್ರವೇ ಕಳಚಿ ಬೀಳಬಹುದಾದ್ದರಿಂದ ಇದು ಅರೆಬರೆ ಕೈಗಳಿಗೆ ಒಪ್ಪಿಸುವ ಕೆಲಸವೇ ಅಲ್ಲ.

ಚಕ್ರದ ಒಂದು ಸುತ್ತಿಗೆ ಶಾಫ್ಟು ಎಷ್ಟು ಸುತ್ತು ತಿರುಗಬೇಕೆಂದು ಹೇಳುವ ಗೇರ್ ಅನುಪಾತದ ವಿಷಯದಲ್ಲೂ ರಾಜಿಗೆ ಅವಕಾಶವಿಲ್ಲ. ಹಿಂದಿನ ಆಕ್ಸಲ್‌ನಲ್ಲಿ 4.10, ಮುಂದಿನದರಲ್ಲಿ 3.73 ಅನುಪಾತವಿದ್ದರೆ, ಹಿಂದಿನ ಚಕ್ರಗಳು ಒಂದು ಕಿಲೊಮೀಟರ್ ಸಾಗುವಷ್ಟರಲ್ಲಿ ಮುಂದಿನವು ಅದಕ್ಕಿಂತ ಸುಮಾರು 100 ಮೀಟರ್ ಹೆಚ್ಚು ಸಾಗಲು ಹವಣಿಸುತ್ತವೆ. ನಡಿಗೆ ಹೊಂದದ ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿದಾಗ ಆಗುವ ಎಳೆದಾಟವೇ ಇಲ್ಲಿ ಶಾಫ್ಟು ಮತ್ತು ಗೇರುಗಳೊಳಗೆ ನಡೆಯುತ್ತದೆ. ಅನುಪಾತಗಳು ಸರಿಯಾಗಿದ್ದಾಗಲೂ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ಈ ವ್ಯತ್ಯಾಸವನ್ನು ನುಂಗಿಕೊಳ್ಳುವ ನಡುವಿನ ಡಿಫರೆನ್ಷಿಯಲ್ ಈ ಹಳೆಯ ವ್ಯವಸ್ಥೆಯಲ್ಲಿ ಇಲ್ಲದ್ದರಿಂದ, ಒಣಗಿದ ಟಾರು ರಸ್ತೆಯಲ್ಲಿ ನಾಲ್ಕು ಚಕ್ರ ಚಾಲನೆಯನ್ನು ಬಳಸುವಂತಿಲ್ಲ. ಕೆಸರು, ಮರಳು ಮತ್ತು ಹಿಮದಲ್ಲಿ ಚಕ್ರ ತುಸು ಜಾರುವುದರಿಂದ ಒತ್ತಡ ತಾನಾಗಿ ಸಡಿಲಗೊಳ್ಳುತ್ತದೆ. ಟಾರು ರಸ್ತೆಯಲ್ಲಿ ಸಾಗುವಾಗ ಮುಂದಿನ ಆಕ್ಸಲ್‌ನ ಗೇರುಗಳು ವ್ಯರ್ಥವಾಗಿ ಸುತ್ತದಿರಲೆಂದು, ಚಕ್ರವನ್ನು ಶಾಫ್ಟಿನಿಂದ ಬಿಡಿಸುವ ಲಾಕಿಂಗ್ ಹಬ್ಬುಗಳು ಬಂದವು. ಆರ್ಥರ್ ವಾರ್ನ್ 1948ರಲ್ಲಿ ಸ್ಥಾಪಿಸಿದ ಕಂಪನಿ ಬೆಳೆದದ್ದೇ ಹಳೆಯ ಜೀಪುಗಳಿಗೆ ಇಂಥ ಹಬ್ಬುಗಳನ್ನು ಒದಗಿಸುತ್ತ.

ಇನ್ನು ನಿಧಾನದ ಗೇರು. 1970ರ ದಶಕದ ಜನರಲ್ ಮೋಟಾರ್ಸ್ ಪಿಕಪ್ಪುಗಳಲ್ಲಿದ್ದ ಗೇರ್‌ಬಾಕ್ಸಿನ ಮೊದಲ ಗೇರು 6.55, ಟ್ರಾನ್ಸ್‌ಫರ್ ಕೇಸಿನ ಕೆಳ ಅನುಪಾತ 1.96, ಇವನ್ನು 4.10 ಆಕ್ಸಲ್‌ನೊಂದಿಗೆ ಗುಣಿಸಿದರೆ ಎಂಜಿನ್ ಸುಮಾರು 53 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಎಂಜಿನ್ ನಿಮಿಷಕ್ಕೆ 700 ಸುತ್ತಿನಲ್ಲಿ ಗುನುಗುತ್ತಿದ್ದರೆ, 76 ಸೆಂಟಿಮೀಟರ್ ವ್ಯಾಸದ ಟೈರಿರುವ ವಾಹನ ಗಂಟೆಗೆ 2 ಕಿಲೊಮೀಟರಿನಷ್ಟು ವೇಗದಲ್ಲಿ ತೆವಳುತ್ತದೆ. ಕಡಿದಾದ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿ ಹಿಡಿಯದೆ ಇಳಿಯಲು ನೆರವಾಗುವ ಈ ನಿಧಾನಗತಿಯನ್ನು ನಾಲ್ಕೂ ಚಕ್ರಗಳ ಹಿಡಿತಕ್ಕಿಂತ ಕಡಿಮೆ ಬೆಲೆಯದೆಂದು ಎಣಿಸಲಾಗದು.

ಷೆವರ್ಲೆಯ 1960ರ ಹೊಸ ಮಾದರಿಯೊಂದಿಗೆ ನ್ಯಾಪ್ಕೊ ಕಾಲ ಮುಗಿಯಿತು. ಆ ವರ್ಷದಿಂದ ಎರಡು ಚಕ್ರ ಚಾಲನೆಯ ಪಿಕಪ್ಪಿಗೆ ಅಡ್ಡತೊಲೆಯ ಬದಲು ಪ್ರತಿ ಚಕ್ರವೂ ಬಿಡಿಯಾಗಿ ಮೇಲೆ ಕೆಳಗೆ ಆಡುವ ಸಸ್ಪೆನ್ಷನ್ ಬಂದಿತು; ನಾಲ್ಕು ಚಕ್ರ ಚಾಲನೆಯ ಮಾದರಿಯನ್ನು ಕಂಪನಿಯೇ ಲೀಫ್ ಸ್ಪ್ರಿಂಗ್ ಮತ್ತು ಗಟ್ಟಿ ಆಕ್ಸಲ್ ಇಟ್ಟು ತಯಾರಿಸಿತು. ಬಿಡಿ ಸಸ್ಪೆನ್ಷನ್ನಿನ ವಾಹನವನ್ನು ಬದಲಿಸಬೇಕಾದರೆ ಎಂಜಿನ್ ಹೊತ್ತ ಅಡ್ಡಪಟ್ಟಿಯನ್ನೇ ಕತ್ತರಿಸಿ, ಸ್ಪ್ರಿಂಗಿಗೆ ಹೊಸ ಆಧಾರಗಳನ್ನು ಬೆಸೆದು, ಸ್ಟಿಯರಿಂಗ್ ಕೊಂಡಿಗಳನ್ನೂ ಬ್ರೇಕ್ ಹೋಸುಗಳನ್ನೂ ಹೊಸದಾಗಿ ಹೊಂದಿಸಬೇಕು. ಅಷ್ಟೆಲ್ಲ ಮಾಡುವ ಬದಲು ಅದೇ ತಲೆಮಾರಿನ ನಾಲ್ಕು ಚಕ್ರ ಚಾಲನೆಯ ವಾಹನದ ಇಡೀ ಚಾಸಿಯನ್ನು ಕೊಂಡು, ಅದರ ಮೇಲೆ ಹಳೆಯ ಕ್ಯಾಬಿನ್ ಮತ್ತು ಬಾಡಿಯನ್ನು ಕೂರಿಸುವುದು ಖರ್ಚಿನ ದೃಷ್ಟಿಯಿಂದಲೂ ಸುರಕ್ಷತೆಯ ದೃಷ್ಟಿಯಿಂದಲೂ ಮೇಲು. ಆ ಚಾಸಿಯಲ್ಲಿ ಕೋನ, ಕ್ಯಾಸ್ಟರ್ ಮತ್ತು ಬ್ರೇಕುಗಳನ್ನು ಎಂಜಿನಿಯರುಗಳು ಮೊದಲೇ ಒಂದಕ್ಕೊಂದು ಹೊಂದಿಸಿಟ್ಟಿರುತ್ತಾರೆ.

ಭಾರತದಲ್ಲಿ ಇದೇ ವಿದ್ಯೆಯನ್ನು ಹೋಲುವ ಕೆಲಸ ನಡೆದದ್ದು ಹೆಚ್ಚಾಗಿ ಜೀಪುಗಳ ಮೇಲೆ. ವಿಲ್ಲೀಸ್ ಜೀಪುಗಳನ್ನು 1940ರ ದಶಕದ ಕೊನೆಯಿಂದ ಮುಂಬೈಯಲ್ಲಿ ಜೋಡಿಸತೊಡಗಿದ ಮಹೀಂದ್ರ ಕಂಪನಿ ಮುಂದೆ ಎರಡು ಚಕ್ರ ಚಾಲನೆಯ ಮಾದರಿಗಳನ್ನೂ ಮಾರಿತು. ಮಳೆಗಾಲದಲ್ಲಿ ಕಾಫಿ ತೋಟದ ಏರುದಾರಿ ಹತ್ತಬೇಕಾದ ಕೊಡಗು ಮತ್ತು ಮಲೆನಾಡಿನಲ್ಲಿ ಅಂಥ ಜೀಪಿನ ಮಿತಿ ಬೇಗ ಅರಿವಿಗೆ ಬರುತ್ತದೆ. ಮುಂದಿನ ಆಕ್ಸಲ್ಲು ಮತ್ತು ಟ್ರಾನ್ಸ್‌ಫರ್ ಕೇಸು ಕೈಗೆ ಸಿಕ್ಕಿದರೂ, ಶಾಫ್ಟು ಹೊರಡುವ ಬದಿಗೂ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್ ಇರುವ ಬದಿಗೂ ಹೊಂದಿಕೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು; ಮೂಲ ವಿಲ್ಲೀಸ್ ಜೀಪಿನಲ್ಲಿ ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್ಲುಗಳೆರಡೂ ನಡುವಿನಿಂದ ಒಂದೇ ಬದಿಗೆ ಸರಿದಿರುತ್ತವೆ. ಇದಕ್ಕೂ ಮೊದಲು ನೋಡಬೇಕಾದದ್ದು ಕಾನೂನು. ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಆದುದರಿಂದ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸದೆ ಹಳೆಯ ಆಕ್ಸಲನ್ನು ಬಿಚ್ಚುವವರು ವಾಹನದ ವಿಮೆಯನ್ನೂ ಅದನ್ನು ರಸ್ತೆಗಿಳಿಸುವ ಹಕ್ಕನ್ನೂ ಅಪಾಯಕ್ಕೆ ಒಡ್ಡಿಕೊಂಡಂತಾಗುತ್ತದೆ.